ಮರ್ವ್ ಟಕ್‌ವೆಲ್ಲನ ಉತ್ತರಾಧಿಕಾರಿ

ಶನಿವಾರ ಬೆಳಿಗ್ಗೆ ಮರ್ವ್ ಟಕ್‌ವೆಲ್ ಒಂದು ಬೂಟಿನ ಲಾಡಿ ಕಟ್ಟಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ರೇಲೀನ್ ಫೋನ್ ಮಾಡಿ, ತಾನು ದೇಶದ ಉತ್ತರ ತುದಿಯ ಡಾರ್ವಿನ್‌ನಲ್ಲಿ ಕೆಲಸಕ್ಕೆ ಸೇರುತ್ತಿರುವುದಾಗಿ ಹೇಳಿದಳು.

"ಸಂತೋಷ. ಯಾವತ್ತು ಹೊರಡ್ತೀಯ?" ಎಂದ ಮರ್ವ್.

"ಹೊರಟಾಗಿದೆ. ಪೋರ್ಟ್ ಅಗಸ್ಟಾದಲ್ಲಿ ಪೆಟ್ರೋಲ್ ಹಾಕಿಸ್ತಿದೀನಿ."

"ಇವತ್ತು ಸಾಯಂಕಾಲದವರೆಗಾದ್ರೂ ತಡೀಬಹುದಿತ್ತಲ್ಲಮ್ಮ."

"ತಡೆದಿದ್ರೆ ನನ್ನನ್ನ ಸೆಕ್ರೆಟರಿ ಮಾಡಿಬಿಡ್ತಿದ್ರಿ," ಎಂದಳು ರೇಲೀನ್. ಅವಳ ದನಿಯಲ್ಲಿ ಆಗಲೇ ದೂರದ ಊರಿನ ಹಗುರ ಬಂದಿತ್ತು.

ಮರ್ವ್ ಇನ್ನೊಂದು ಲಾಡಿ ಕಟ್ಟದೆ ಸ್ವಲ್ಪ ಹೊತ್ತು ಹಾಗೇ ಕೂತ. ಅವನು ವಾರಿಂಡಾ ಊರಿನ ಗೋಧಿ ಗೋದಾಮಿನಲ್ಲಿ ಲಾರಿ ತೂಗುವವನು. ಅದು ಅನ್ನಕ್ಕೆ. ಶನಿವಾರಗಳಂದು ವಾರಿಂಡಾ ಕಿರಿಯರ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಅದು ಕರ್ಮಕ್ಕೆ. ಮಗ ಆಡುವುದನ್ನು ನೋಡಲು ಒಂದು ದಿನ ಮೈದಾನದ ಬೇಲಿಗೆ ಒರಗಿ ನಿಂತದ್ದೇ ಅವನು ಮಾಡಿದ ತಪ್ಪು. ಆ ಮಗನಿಗೆ ಈಗ ಎದೆಮಟ್ಟ ಗಡ್ಡ ಬಂದಿದೆ, ಪಶ್ಚಿಮದ ಗಣಿಯಲ್ಲಿ ಲಾರಿ ಓಡಿಸುತ್ತಾನೆ. ಅಪ್ಪ ಮಾತ್ರ ಹನ್ನೆರಡು ವರ್ಷದೊಳಗಿನವರ ತಂಡವನ್ನು ದಾಟಿಲ್ಲ. ವಾರಿಂಡಾದಲ್ಲಿ ಕಾರ್ಯದರ್ಶಿ ಪದವಿಗೆ ಅವಧಿ ಎಂಬುದಿರಲಿಲ್ಲ. ಹಿಂದಿನ ಕಾರ್ಯದರ್ಶಿ ತೀರಿಕೊಂಡಾಗ, ಅವರು ಇಷ್ಟು ಅವಸರದಲ್ಲಿ ರಾಜೀನಾಮೆ ಕೊಡಬಾರದಿತ್ತು ಎಂದು ಕೆಲವರು ಆಡಿಕೊಂಡರು.

ಮರ್ವ್‌ಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಶನಿವಾರ ಬೆಳಿಗ್ಗೆ ಹಾಸಿಗೆಯಲ್ಲೇ ದಿಂಬಿಗೊರಗಿ, ಕಿಟಕಿಯ ಹೊರಗಿನ ಚಳಿಗೆ ಬೆನ್ನು ಹಾಕಿ, ಒಂದು ಲೋಟ ಚಹಾ ಕುಡಿಯಬೇಕು. ಅಷ್ಟೆ.

ಆ ಚಹಾಕ್ಕೆ ದಾರಿ ತೋರಿಸಿದ್ದು ರಾಜ್ಯದ ಕಿರಿಯರ ಕ್ರೀಡಾ ಮಂಡಳಿ. ಒಳ್ಳೆಯ ರೀತಿಯಲ್ಲಿ ನಡೆಯುವ ಕ್ಲಬ್ಬುಗಳಿಗೆ ಮಂಡಳಿ ಗುಣಮಟ್ಟದ ನಕ್ಷತ್ರ ಕೊಡುತ್ತಿತ್ತು. ನಕ್ಷತ್ರ ಸಿಕ್ಕರೆ ಸರ್ಕಾರ ಬಟ್ಟೆ ಬದಲಿಸುವ ಕೋಣೆ ಕಟ್ಟಿಸಿಕೊಡುತ್ತಿತ್ತು. ವಾರಿಂಡಾದ ಹುಡುಗಿಯರು ಹುಲ್ಲು ಕೊಯ್ಯುವ ಯಂತ್ರದ ಜೊತೆ ಹಡಗಿನ ಸರಕು ತುಂಬುವ ಒಂದು ಹಳೆಯ ಕಬ್ಬಿಣದ ಡಬ್ಬದೊಳಗೆ ಬಟ್ಟೆ ಬದಲಿಸುತ್ತಿದ್ದರು. ಆದ್ದರಿಂದ ಊರಿಗೆಲ್ಲ ನಕ್ಷತ್ರ ಬೇಕಿತ್ತು. ಮರ್ವ್‌ಗೆ ಬೇಕಾಗಿದ್ದದ್ದು ಮಂಡಳಿಯ ಒಂದೇ ಒಂದು ನಿಯಮ: ಪ್ರತಿ ಹುದ್ದೆಗೂ ತರಬೇತಿ ಪಡೆದ, ಒಪ್ಪಿಗೆಯಿರುವ ಒಬ್ಬ ಉತ್ತರಾಧಿಕಾರಿ ಸಿದ್ಧವಿರಬೇಕು. ಅದನ್ನು ಓದಿದ ರಾತ್ರಿ ಅವನು ಕ್ಷಮಾದಾನ ಸಿಕ್ಕ ಜೀವಾವಧಿ ಕೈದಿಯಂತೆ ಮಲಗಿದ.

ಅಂದಿನಿಂದ ಇಡೀ ಚಳಿಗಾಲ ಅವನು ನೀತಿಗಳನ್ನು ಬರೆದ. ಬಿಸಿಲಿನ ನೀತಿ, ಬೈಗುಳದ ನೀತಿ, ಸಿಡಿಲಿನ ನೀತಿ. ಸಿಡಿಲು ಬಂದರೆ ಒಳಗೆ ಹೋಗಬೇಕು ಎಂಬುದೇ ಅದರ ಸಾರ, ಆದರೆ ಮಂಡಳಿಗೆ ಅದು ಎರಡು ಪುಟವಾಗಬೇಕಿತ್ತು. ಉತ್ತರಾಧಿಕಾರಿಯಾಗಿ ಔಷಧಿ ಅಂಗಡಿಯ ರೇಲೀನಳನ್ನು ಬೇಡಿ, ಕಾಡಿ, ಒಪ್ಪಿಸಿದ. ಇವತ್ತು ಮಧ್ಯಾಹ್ನ ಪರೀಕ್ಷಕರು ಬಂದು ಅವಳ ಬಾಯಿಂದ ಒಂದು 'ಹೂಂ' ಕೇಳಿ ಹೋಗುವುದಿತ್ತು. ಆ ಹೂಂ ಈಗ ಮರಳುಗಾಡು ದಾಟುತ್ತಿತ್ತು.

ಮೈದಾನದಲ್ಲಿ ಅಧ್ಯಕ್ಷೆ ಬೆವ್ ಟ್ರೆಲೋರ್ ಆಗಲೇ ಬಂದಿದ್ದಳು. ಬೆವ್ ಕ್ಷೌರದಂಗಡಿಯವಳು. ಊರಿನ ಎಲ್ಲ ತಲೆಗಳೂ ಎಂದಾದರೊಂದು ದಿನ ತನ್ನ ಕತ್ತರಿಯ ಕೆಳಗೆ ಬರಲೇಬೇಕು ಎಂಬ ಧೈರ್ಯ ಅವಳ ನಡಿಗೆಯಲ್ಲಿತ್ತು.

"ರೇಲೀನ್ ಹೋದ್ಲು," ಎಂದ ಮರ್ವ್.

"ಎಲ್ಲಿಗೆ?"

"ಡಾರ್ವಿನ್‌ಗೆ."

"ಅಯ್ಯೋ ಬಂಗಾರ, ಅಷ್ಟು ದೂರ ಯಾಕೆ ಹೋದ್ಲು? ಆಗಲ್ಲ ಅಂದಿದ್ರೆ ಬಿಡ್ತಿರಲಿಲ್ವಾ ನಾವು?"

ಬಿಡುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಮಧ್ಯಾಹ್ನದೊಳಗೆ ಇನ್ನೊಬ್ರನ್ನ ಹಿಡಿ," ಎಂದಳು ಬೆವ್. "ಸಿಕ್ಕಿದ್ರೆ ನೀನು ಇವತ್ತೇ ಸ್ವತಂತ್ರ. ಸಿಗದಿದ್ರೆ ನಕ್ಷತ್ರ ಇಲ್ಲ, ಹುಡುಗೀರಿಗೆ ಡಬ್ಬವೇ ಗತಿ, ನಮಗೆ ನೀನೇ ಗತಿ. ಈಗ ಬಾ, ಮಾಂಸದ ಪೈಗಳನ್ನ ಬಚ್ಚಿಡ್ಬೇಕು."

ಮಂಡಳಿಯ ಪ್ರಕಾರ ಮಕ್ಕಳ ಮೈದಾನದಲ್ಲಿ ಆರೋಗ್ಯಕರ ತಿಂಡಿ ಇರಬೇಕಿತ್ತು. ಕ್ಯಾಂಟೀನಿನ ಶರ್ಲ್ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಕೋಸಂಬರಿಯಂಥ ಹಸಿ ತರಕಾರಿ ಜೋಡಿಸಿ, ಅದನ್ನು ಅಂತಿಮ ದರ್ಶನಕ್ಕಿಟ್ಟ ಹೆಣವನ್ನು ನೋಡುವಂತೆ ನೋಡುತ್ತಿದ್ದಳು. ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈಗಳು ಹಿಂದಿನ ಒಲೆಯೊಳಗೆ ಬಿಸಿಯಾಗಿಯೇ ತಲೆಮರೆಸಿಕೊಂಡಿದ್ದವು.

"ಶರ್ಲ್, ನೀನಾದ್ರೂ ಸೆಕ್ರೆಟರಿ ಆಗ್ತೀಯಾ?" ಮರ್ವ್ ಕೇಳಿದ.

"ನಾನು ಕ್ಯಾಂಟೀನ್ ಬಿಟ್ಟು ಬರ್ತೀನಿ, ನಿನ್ನ ಹೆಂಡ್ತಿ ಇಲ್ಲಿಗೆ ಬರ್ಲಿ. ಕೇಳ್ಕೊಂಡು ಬಾ ಅವಳನ್ನ."

ಮರ್ವ್ ಕೇಳಿಕೊಂಡು ಬರಲು ಹೋಗಲಿಲ್ಲ.

ಮುಂದಿನದು ಪ್ರೇಕ್ಷಕರ ಬಾಯಿ. ಅಂಪೈರುಗಳ ಮೇಲೆ ಕೂಗಾಡಬಾರದು ಎಂಬುದು ಮಂಡಳಿಯ ಇನ್ನೊಂದು ಷರತ್ತು. ವಾರಿಂಡಾದ ಅಪ್ಪ ಅಮ್ಮಂದಿರಿಗೆ ಕೂಗದೆ ಪಂದ್ಯ ನೋಡುವುದು ಉಪ್ಪಿಲ್ಲದೆ ಉಣ್ಣುವ ಹಾಗೆ. ಅದಕ್ಕೆ ಬೆವ್ ಒಂದು ಉಪಾಯ ಮಾಡಿದ್ದಳು. ಬೇಲಿಯುದ್ದಕ್ಕೂ ನಿಂತ ದೊಡ್ಡವರಿಗೆಲ್ಲ ಒಂದೊಂದು ಲಾಲಿಪಾಪ್. ಬಾಯಲ್ಲಿ ಕಡ್ಡಿ ಇರುವವರೆಗೆ ಮಾತು ಹೊರಡದು.

ಮರ್ವ್ ಬುಟ್ಟಿ ಹಿಡಿದು ಲಾಲಿಪಾಪ್ ಹಂಚುತ್ತ ಹೊರಟ. ಜೊತೆಗೆ, ಮೆತ್ತಗೆ, ಒಂದು ಪ್ರಶ್ನೆಯನ್ನೂ ಹಂಚಿದ. ಆದರೆ ಈ ಬೇಲಿಯ ಜನಕ್ಕೆ ಒಂದು ವಿದ್ಯೆ ಹುಟ್ಟಿನಿಂದ ಬಂದಿತ್ತು. ಕಾರ್ಯದರ್ಶಿ ಹತ್ತಿರ ಬಂದರೆ ಅವರು ಬಗ್ಗಿ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಒಬ್ಬನಂತೂ ಲಾಲಿಪಾಪನ್ನು ಬಾಯಿಗಿಟ್ಟುಕೊಂಡು, ಕಡ್ಡಿಯನ್ನು ತೋರಿಸಿ, ಮಾತಾಡುವಂತಿಲ್ಲವಲ್ಲ ಎಂದು ಕೈ ಅಲ್ಲಾಡಿಸಿದ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು.

"ಗುರೂ," ಎಂದು ಹಿಂದಿನಿಂದ ಕೋಚ್ ಗಾರ್ತ್ ಕೂಗಿದ. ಗಾರ್ತ್ ಕುರಿ ಸಾಕುವವನು. ಗುಡ್ಡದಾಚೆಯ ನಾಯಿಯನ್ನು ಕರೆದು ಕರೆದು ಅವನ ಗಂಟಲಿಗೆ ಬೇರೆ ಅಳತೆಯೇ ಉಳಿದಿರಲಿಲ್ಲ. "ಗೋಲ್ ಅಂಪೈರ್ ಬಂದಿಲ್ಲ. ದಕ್ಷಿಣದ ಕಂಬಕ್ಕೆ ಒಬ್ರು ಬೇಕು. ಎಲ್ರೂ ಬೂಟು ನೋಡ್ಕೊಳ್ತಾವ್ರೆ."

ಮರ್ವ್ ಸುತ್ತ ನೋಡಿದ. ಬೇಲಿಯ ಕೊನೆಯಲ್ಲಿ, ಉಣ್ಣೆಯ ಟೋಪಿ ಹಾಕಿಕೊಂಡ, ಅರವತ್ತರ ಆಚೀಚೆಯ ಹೆಂಗಸೊಬ್ಬಳು ಬೂಟು ನೋಡಿಕೊಳ್ಳದೆ ಆಟದ ಮೈದಾನ ನೋಡುತ್ತ ನಿಂತಿದ್ದಳು. ಯಾವುದೋ ಮಗುವಿನ ಅಜ್ಜಿ ಇರಬೇಕು, ಬೇರೆ ಊರಿನವಳಿರಬೇಕು. ಈ ಊರಿನವಳಾಗಿದ್ದರೆ ಹೀಗೆ ತಲೆ ಎತ್ತಿ ನಿಲ್ಲುವ ಧೈರ್ಯ ಮಾಡುತ್ತಿರಲಿಲ್ಲ.

"ನಮಸ್ಕಾರ. ಸುಮ್ನೆ ನಿಂತಿದೀರಲ್ಲ," ಎಂದ ಮರ್ವ್. ವಾರಿಂಡಾದಲ್ಲಿ ಇದು ಕುಶಲ ಪ್ರಶ್ನೆಯಲ್ಲ, ಆಪಾದನೆ.

"ಹೌದು. ನೋಡೋಕೆ ಬಂದಿದ್ದು."

"ಎಲ್ರೂ ನೋಡೋಕೆ ಅಂತಾನೇ ಬರೋದು," ಎಂದು ಮರ್ವ್ ಅವಳಿಗೆ ಬಿಳಿ ಕೋಟು ತೊಡಿಸಿದ. ಕೈಗೆರಡು ಬಾವುಟ ಕೊಟ್ಟ. "ಚೆಂಡು ಎತ್ತರದ ಎರಡು ಕಂಬದ ನಡುವೆ ಹೋದ್ರೆ ಗೋಲು, ಆರು ಪಾಯಿಂಟು, ಎರಡೂ ಬಾವುಟ ಬೀಸಿ. ಕಂಬಕ್ಕೆ ತಾಗಿದ್ರೆ, ಪಕ್ಕಕ್ಕೆ ಹೋದ್ರೆ ಒಂದೇ ಪಾಯಿಂಟು, ಒಂದೇ ಬಾವುಟ. ಹೆಸರೇನು?"

"ವಿನ್," ಎಂದಳು ಆಕೆ, ತೋಳಿನ ಗುಂಡಿ ಹಾಕಿಕೊಳ್ಳುತ್ತ. "ನೀವು ಯಾವಾಗಲೂ ಹೀಗೇನಾ?"

"ಹೀಗೆ ಅಂದ್ರೆ?"

"ಏನಿಲ್ಲ," ಎಂದು ಅವಳು ಕಂಬಗಳ ಕಡೆ ನಡೆದಳು.

ಪಕ್ಕದೂರು ಕುರ್ನಾಂಗಿನ ತಂಡದೊಡನೆ ನಾಲ್ಕು ಭಾಗಗಳ ಆಟ ಶುರುವಾಯಿತು. ವಾರಿಂಡಾದ ಬೇಲಿ ಇಷ್ಟು ಮೌನವಾಗಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಮಕ್ಕಳು ಗಾಬರಿಯಾಗಿ ನಡುನಡುವೆ ತಿರುಗಿ ತಮ್ಮ ತಂದೆತಾಯಿ ಜೀವಂತ ಇದ್ದಾರೆಯೇ ಎಂದು ನೋಡುತ್ತಿದ್ದರು. ವಿನ್ ಕಂಬಗಳ ನಡುವೆ ಕಾಲಗಲಿಸಿ ನಿಂತು, ಗೋಲು ಬಿದ್ದಾಗ ನೊಣ ಓಡಿಸುವವರ ಹಾಗಲ್ಲದೆ ಠೀವಿಯಿಂದ ಬಾವುಟ ಬೀಸುತ್ತಿದ್ದಳು.

ಮೊದಲ ಬಿಡುವಿನಲ್ಲಿ ಮರ್ವ್ ಅವಳಿಗೆ ಚಹಾ ತಂದ. ಗೋಲ್ ಅಂಪೈರಿಗೆ ಒಂದು ಪೈ ಕೊಡುವುದು ಕ್ಲಬ್ಬಿನ ಪದ್ಧತಿ. ನೀತಿ ಏನೇ ಇರಲಿ, ಪದ್ಧತಿ ಮುರಿಯಲು ಶರ್ಲ್ ಒಪ್ಪಲಿಲ್ಲ. ಟೊಮೇಟೊ ಸಾಸು ಸುರಿದು, ಕಾಗದದ ಚೀಲದಲ್ಲಿ ಸುತ್ತಿ, ಕಳ್ಳಮಾಲು ದಾಟಿಸುವಂತೆ ದಾಟಿಸಿದ್ದಳು.

"ಅಲ್ಲಿ ಗಾಜಿನ ಪೆಟ್ಟಿಗೇಲಿ ಬರೀ ಸೊಪ್ಪು ಇತ್ತಲ್ಲ?" ವಿನ್ ಕೇಳಿದಳು.

"ಅದು ತಿನ್ನೋಕಲ್ಲ. ಇವತ್ತು ಮಂಡಳಿಯಿಂದ ಒಬ್ಬ ಪರೀಕ್ಷಕ ಬರ್ತಾನಂತೆ, ಹಾಲ್ಟನ್ ಅಂತ. ಅವನಿಗೆ ತೋರ್ಸೋಕೆ. ಅವನ ಕಣ್ಣಿಗೆ ಈ ಪೈ ಬೀಳದ ಹಾಗೆ ತಿಂದುಬಿಡಿ."

"ತಿಂದುಬಿಡ್ತೀನಿ," ಎಂದು ವಿನ್ ಕಚ್ಚಿದಳು. ಕಣ್ಣು ಮುಚ್ಚಿ ಅಗಿದಳು. "ಲಾಲಿಪಾಪೂ ಅವನಿಗೋಸ್ಕರವಾ?"

"ಬಾಯಿ ಮುಚ್ಚಿಸೋಕೆ. ಇಲ್ದಿದ್ರೆ ನಮ್ಮವರು ನಿಮ್ಮನ್ನ ಬಿಡ್ತಿದ್ರಾ?"

ಮರ್ವ್ ಗಂಟಲು ಸರಿಮಾಡಿಕೊಂಡ. ಚಹಾ ಅರ್ಧ ಮುಗಿದಿತ್ತು, ಇದೇ ಸಮಯ.

"ವಿನ್, ನಿಮಗೆ ಸೆಕ್ರೆಟರಿ ಆಗೋಕೆ ಇಷ್ಟ ಇದೆಯಾ?"

"ಏನು ಕೆಲಸ?"

"ಏನಿಲ್ಲ. ವರ್ಷಕ್ಕೆ ಒಂದೆರಡು ಸಭೆ."

"ಮತ್ತೆ ನೀವ್ಯಾಕೆ ಬಿಡ್ತಿದೀರಿ?"

ಲಾರಿ ತೂಗುವವನಿಗೆ ಸುಳ್ಳು ತೂಕ ಹೇಳಿ ಅಭ್ಯಾಸವಿಲ್ಲ.

"ನಾನು ಹೇಳಿದ್ದು ಸುಳ್ಳು," ಎಂದ. "ಪ್ರತಿ ಶನಿವಾರ ಕತ್ತಲಲ್ಲೇ ಏಳ್ಬೇಕು. ಗೆರೆ ಎಳೀಬೇಕು, ಕಿತ್ತಳೆ ಕೊಯ್ಯಬೇಕು. ಸೋತವರ ಅಮ್ಮಂದಿರು ಫೋನ್ ಮಾಡ್ತಾರೆ. ಗೆದ್ದವರ ಅಮ್ಮಂದಿರೂ ಮಾಡ್ತಾರೆ, ಇನ್ನೂ ಜಾಸ್ತಿ. ಆದ್ರೆ ಆ ಡಬ್ಬದೊಳಗಿಂದ ಹುಡುಗೀರು ಕಾಲುಚೀಲ ಒಂದೊಂದು ಬಣ್ಣದ್ದು ಹಾಕ್ಕೊಂಡು ಓಡಿ ಬರ್ತಾರಲ್ಲ, ಅದು ಚೆನ್ನಾಗಿರುತ್ತೆ. ನನಗೆ ಸಾಕಾಗಿದೆ, ಅಷ್ಟೆ. ಒಂದು ಶನಿವಾರ ಹಾಸಿಗೇಲಿ ಚಹಾ ಕುಡೀಬೇಕು ಅಂತ ಆಸೆ. ನೀವು ಆ ಹಾಲ್ಟನ್ ಎದುರಿಗೆ ಒಂದು ಹೂಂ ಅಂದ್ರೆ ಸಾಕು."

ವಿನ್ ಬೆರಳಿನ ಸಾಸು ನೆಕ್ಕಿಕೊಂಡಳು. "ನೋಡೋಣ," ಎಂದಳು.

ವಾರಿಂಡಾದಲ್ಲಿ 'ನೋಡೋಣ' ಎಂದರೆ ಆಗುವುದಿಲ್ಲ ಎಂದರ್ಥ. ಆದರೆ ಇವಳು ಹೊರಗಿನವಳು, ಆ ಮಾತನ್ನು ಅದರ ಅರ್ಥದಲ್ಲೇ ಆಡಿರಬಹುದು ಎಂದು ಮರ್ವ್ ಸಮಾಧಾನ ಮಾಡಿಕೊಂಡ.

ಅನಾಹುತ ಆದದ್ದು ಮೂರನೆಯ ಭಾಗದ ಕೊನೆಗೆ. ವಾರಿಂಡಾದ ಹುಡುಗಿಯೊಬ್ಬಳು ಓಡುತ್ತ ಓಡುತ್ತ ಒದ್ದ ಚೆಂಡು ಎತ್ತರಕ್ಕೆ ಹೋಗಿ ಕಂಬದ ನಡುವೆ ಇಳಿಯಿತು. ಬೇಲಿಯುದ್ದಕ್ಕೂ ಲಾಲಿಪಾಪುಗಳು ನಿಂತಲ್ಲೇ ನಿಂತವು. ವಿನ್ ಒಂದು ಬಾವುಟ ಮಾತ್ರ ಬೀಸಿದಳು. ಚೆಂಡು ಕಂಬವನ್ನು ಸವರಿತ್ತು.

ಗಾರ್ತ್‌ನ ಬಾಯಲ್ಲಿ ಲಾಲಿಪಾಪ್ ಇರಲಿಲ್ಲ. ಕೋಚ್ ಮಾತಾಡಬೇಕಲ್ಲ ಎಂದು ಬೆವ್ ಅವನಿಗೆ ಕೊಟ್ಟಿರಲಿಲ್ಲ.

"ಏನಜ್ಜೀ, ಕಣ್ಣು ಮನೇಲಿಟ್ಟು ಬಂದ್ಯಾ?" ಎಂದ ಅವನು. ಕುರ್ನಾಂಗಿನವರಿಗೂ, ಕುರ್ನಾಂಗಿನಲ್ಲೇ ಉಳಿದಿದ್ದವರಿಗೂ ಕೇಳಿಸಿರಬೇಕು. "ಅಷ್ಟು ದೊಡ್ಡ ಚೆಂಡು ಕಾಣದಿದ್ರೆ ನನ್ನ ಕುರುಡು ಕುರಿ ತಂದು ಕಟ್ತೀನಿ ಆ ಕಂಬಕ್ಕೆ."

"ಕಂಬಕ್ಕೆ ತಾಗಿದೆ," ಎಂದಳು ವಿನ್.

"ತಾಗಿದ್ದು ನಿನ್ನ ತಲೆಗೆ."

"ನನ್ನ ತಲೆಗೆ ತಾಗಿದ್ರೂ ಒಂದೇ ಪಾಯಿಂಟು," ಎಂದು ವಿನ್ ಬಾವುಟ ಕೆಳಗಿಳಿಸಿದಳು. ಲಾಲಿಪಾಪಿನ ಹಿಂದಿನಿಂದ ಯಾರೋ ನಕ್ಕರು.

ಇಡೀ ಮೈದಾನದಲ್ಲಿ ಬೂಟು ನೋಡಿಕೊಳ್ಳದೆ ಇದ್ದ ಒಂದೇ ಒಂದು ತಲೆಯನ್ನು ಗಾರ್ತ್ ಓಡಿಸುತ್ತಿದ್ದ. ಮರ್ವ್ ಅವನ ತೋಳು ಹಿಡಿದು ಎಳೆದ. ಅಷ್ಟರಲ್ಲಿ ಸೈರನ್ ಕೂಗಿತು, ಮೂರನೆಯ ಬಿಡುವು ಬಂತು.

"ಆ ಹಾಲ್ಟನ್ ಎಲ್ಲಿ ಸತ್ತ?" ಬೆವ್ ಗಡಿಯಾರ ನೋಡುತ್ತ ಬಂದಳು. "ಬಿಳೀ ಸರ್ಕಾರಿ ಕಾರು ಬರುತ್ತೆ ಅಂತ ಗೇಟು ಕಾಯ್ತಾ ನನ್ನ ಕಾಲು ಮರಗಟ್ಟಿ ಹೋಯ್ತು. ಇರು, ಫೋನೇ ಮಾಡ್ತೀನಿ."

ಅವಳು ಫೋನ್ ಮಾಡಿದಳು. ಲಾಲಿಪಾಪಿನ ದಯೆಯಿಂದ ಮೈದಾನ ಮಠದಂತೆ ನಿಶ್ಶಬ್ದವಾಗಿತ್ತು. ದಕ್ಷಿಣದ ಕಂಬಗಳ ನಡುವೆ, ಬಿಳಿ ಕೋಟಿನ ಒಳಗೆಲ್ಲೋ, ಇಂಪಾಗಿ ಒಂದು ಗಂಟೆ ಬಾರಿಸತೊಡಗಿತು.

ವಿನ್ ಕೋಟಿನ ಗುಂಡಿ ಬಿಚ್ಚಿ ಫೋನ್ ತೆಗೆದು ಕಿವಿಗಿಟ್ಟುಕೊಂಡದ್ದನ್ನು ಬೆವ್ ದೂರದಿಂದ ನೋಡಿದಳು.

"ಹಾಲ್ಟನ್," ಎಂದಿತು ಫೋನು. "ಬಂದಾಗಿದೆ ಕಣಮ್ಮ. ಕೊನೇ ಭಾಗ ಮುಗೀಲಿ, ಮಾತಾಡೋಣ."

ಬೆವ್ ಫೋನ್ ಕೆಳಗಿಳಿಸಿದಳು. ಗಾರ್ತ್ ಕಡೆ ನೋಡಿದಳು. ಗಾರ್ತ್ ಜೀವಮಾನದಲ್ಲಿ ಮೊದಲ ಸಲ ತನ್ನ ಬೂಟು ನೋಡಿಕೊಂಡ.

"ಬಂಗಾರ," ಎಂದು ಅವಳು ಮರ್ವ್‌ಗೆ ಮೆಲ್ಲಗೆ ಹೇಳಿದಳು, "ಆಕೆಗೆ ಪೈ ಏನಾದ್ರೂ ಕೊಟ್ಯಾ?"

"ಸಾಸು ಹಾಕಿ ಕೊಟ್ಟೆ."

ವಾರಿಂಡಾ ಒಂದು ಪಾಯಿಂಟಿನಿಂದ ಸೋತಿತು. ಅದರ ದುಃಖಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ.

ಕ್ಲಬ್ಬಿನ ಕೋಣೆಯಲ್ಲಿ ಮೇಜಿನ ಒಂದು ಕಡೆ ವಿನಿಫ್ರೆಡ್ ಹಾಲ್ಟನ್, ಇನ್ನೂ ಬಿಳಿ ಕೋಟಿನಲ್ಲೇ. ಇನ್ನೊಂದು ಕಡೆ ಮರ್ವ್, ಬೆವ್, ಗಾರ್ತ್, ಹೆಡ್ ಮಾಸ್ತರ ಕೋಣೆಗೆ ಕರೆಸಿಕೊಂಡ ಹುಡುಗರಂತೆ. ಅಂಪೈರುಗಳ ಗೌರವದ ನೀತಿಯನ್ನು ಕೋಚ್ ಖುದ್ದಾಗಿ ಓದಿ ಹೇಳಬೇಕೆಂಬುದು ಮೊದಲೇ ಗೊತ್ತಾದ ಕ್ರಮ. ಗಾರ್ತ್ ಎದ್ದು ನಿಂತು, ವಾರಿಂಡಾದಲ್ಲಿ ಅಂಪೈರನ್ನು ಮನೆಗೆ ಬಂದ ಅತಿಥಿಯಂತೆ ಕಾಣಲಾಗುತ್ತದೆ ಎಂದು ಓದಿದ. ಅವನ ದನಿ ಅಷ್ಟು ಸಣ್ಣದಾಗಬಲ್ಲುದು ಎಂದು ಅವನ ನಾಯಿಯೂ ನಂಬುತ್ತಿರಲಿಲ್ಲ.

"ಕುರುಡು ಕುರಿ ನಿಜವಾಗ್ಲೂ ಇದೆಯಾ?" ವಿನ್ ಕೇಳಿದಳು.

"ಇದೆ ಅಮ್ಮಾ. ತಪ್ಪಾಯ್ತು."

"ಕೂತ್ಕೊಳ್ಳಿ." ಅವಳು ಮರ್ವ್ ಕಡೆ ತಿರುಗಿದಳು. "ಕಾರ್ಯದರ್ಶಿಯ ಉತ್ತರಾಧಿಕಾರಿ ಎಲ್ಲಿ?"

"ಒಬ್ಳು ಡಾರ್ವಿನ್‌ಗೆ ಹೋದ್ಲು," ಎಂದ ಮರ್ವ್. "ಇನ್ನೊಬ್ರನ್ನ ಕೇಳಿದ್ದೆ. ಅವರು ನೀವೇ."

ಬೆವ್ ಕಣ್ಣು ಮುಚ್ಚಿಕೊಂಡಳು.

ವಿನ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. "ಎಷ್ಟೋ ವರ್ಷದಿಂದ ಊರೂರು ತಿರುಗ್ತಿದೀನಿ," ಎಂದಳು. "ನಾನು ಕಾಲಿಟ್ಟ ಕಡೆಯೆಲ್ಲ ಸೊಪ್ಪು. ನಾನು ಬಂದೆ ಅಂದ ತಕ್ಷಣ ಎಲ್ರೂ ಸಾಧುಗಳಾಗಿಬಿಡ್ತಾರೆ. ಪರೀಕ್ಷಕಿಗೆ ಯಾರು ಬೈತಾರೆ, ಹೇಳಿ. ಇವತ್ತು ನನ್ನನ್ನ ಒಬ್ರು ಕುರುಡು ಕುರಿಗಿಂತ ಕಡೆ ಅಂದ್ರು, ಒಬ್ರು ಬಿಸಿ ಪೈ ಕೊಟ್ರು, ಒಬ್ರು ಸುಳ್ಳು ಹೇಳಿ ಅದನ್ನ ಅಲ್ಲೇ ವಾಪಸ್ ತಗೊಂಡ್ರು. ಸುಮ್ನೆ ನಿಂತ ಅಪರಿಚಿತರನ್ನ ಒಂದು ನಿಮಿಷದಲ್ಲಿ ಕೆಲಸಕ್ಕೆ ಹಚ್ಚೋ ಕ್ಲಬ್ಬನ್ನ ನಾನು ಕಂಡೇ ಇಲ್ಲ. ಪೈ, ಲಾಲಿಪಾಪು, ಈ ಕೋಚು, ಮೂರನ್ನೂ ತಿದ್ದಿಕೊಳ್ಳೋಕೆ ಮುಂದಿನ ವರ್ಷದವರೆಗೆ ಗಡುವು. ಉಳಿದದ್ದೆಲ್ಲ ಪಾಸು. ಉತ್ತರಾಧಿಕಾರಿ ಒಂದು ಬಾಕಿ."

"ಅದು?" ಎಂದ ಮರ್ವ್.

"ಹೂಂ," ಎಂದಳು ವಿನ್.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ಹೂಂ ಅಂದೆ. ನಿಮ್ಮ ಸೆಕ್ರೆಟರಿ ಆಗ್ತೀನಿ. ಹೋದ ತಿಂಗಳು ಇದೇ ಊರಲ್ಲಿ, ಗಿರಣಿ ಬೀದೀಲಿ ಮನೆ ತಗೊಂಡೆ. ಮಂಡಳಿ ಕೆಲಸ ಬಿಡ್ಬೇಕು ಅಂತಾನೇ ಇದ್ದೆ. ಬೇಲಿ ಹೊರಗೆ ನಿಂತು ಬರೆದು ಬರೆದು ಬೇಜಾರಾಗಿದೆ. ಇವತ್ತು ಹುಲ್ಲಿನ ಮೇಲೆ ನಿಂತೆ."

ಬೆವ್ ವಿನ್‌ಳನ್ನು ತಬ್ಬಿಕೊಂಡಳು, ತಬ್ಬಿಕೊಂಡೇ ಅವಳ ಕೂದಲಿನ ತುದಿ ಒಡೆದಿದೆ ಎಂದು ಗಮನಿಸಿದಳು. ಗಾರ್ತ್ ಹೋಗಿ ಪೈಗಳ ತಟ್ಟೆಯನ್ನೇ ತಂದ. ಮರ್ವ್ ಜೇಬಿನಿಂದ ಬೀಗದ ಕೈಗಳ ಗೊಂಚಲು ತೆಗೆದು ಮೇಜಿನ ಮೇಲಿಟ್ಟಾಗ ಅವನ ಪ್ಯಾಂಟು ಒಂದು ಕಡೆ ಹಗುರಾಗಿ ಮೇಲೇರಿತು.

"ಇನ್ನು ಮೇಲೆ ನನ್ನ ಶನಿವಾರ ಪೂರ್ತಿ ಖಾಲಿ," ಎಂದ ಅವನು, ಯಾರಿಗೆ ಎಂದಲ್ಲ, ಕೋಣೆಗೆ. "ಪ್ರತಿ ಶನಿವಾರ. ಏನೇನೂ ಕೆಲಸ ಇಲ್ಲ."

"ಒಂದು ಸಣ್ಣ ವಿಷಯ," ಎಂದಳು ವಿನ್. ಅವಳು ತನ್ನ ಚೀಲದಿಂದ ಮಂಡಳಿಯ ನೀಲಿ ಜಾಕೀಟು ತೆಗೆದು ಮಡಿಕೆ ಬಿಡಿಸುತ್ತಿದ್ದಳು. "ಈ ನಿಯಮ ಮಾಡಿದ್ದು ಮಂಡಳಿ ಅಲ್ವಾ. ಅದು ಮಂಡಳಿಗೂ ಅನ್ವಯಿಸುತ್ತೆ. ನನ್ನ ಜಾಗಕ್ಕೆ ಒಬ್ರು ಸಿದ್ಧ ಆಗೋವರೆಗೂ ನನ್ನನ್ನ ಬಿಡಲ್ಲ. ಮಂಡಳಿ ಬಿಡದಿದ್ರೆ ನಾನು ನಿಮ್ಮ ಸೆಕ್ರೆಟರಿ ಆಗೋ ಹಾಗಿಲ್ಲ. ನಾನು ಆಗದಿದ್ರೆ ನಿಮ್ಮ ನಕ್ಷತ್ರ ಇಲ್ಲ, ಕೋಣೇನೂ ಇಲ್ಲ. ಹೋದ ಕಡೆಯೆಲ್ಲ ಕೇಳಿ ನೋಡಿದೆ. ಆ ನೀತಿಗಳನ್ನೆಲ್ಲ ಕೂತು ಓದಿದವರು ಒಬ್ಬರೂ ಸಿಕ್ಕಿಲ್ಲ."

ಕೋಣೆಯಲ್ಲಿ ಪೈ ಅಗಿಯುವ ಸದ್ದು ನಿಂತಿತು.

"ಸಿಡಿಲಿನ ಬಗ್ಗೆ ಕೂಡ ಇವನೇ ಬರೆದಿದ್ದು," ಎಂದಳು ಬೆವ್. "ಎರಡು ಪುಟ. ಶನಿವಾರ ಖಾಲಿ ಇದೆ ಅಂತ ಈಗ ತಾನೇ ಹೇಳಿದ."

"ಕೆಲಸ ಏನಿರುತ್ತೆ?" ಎಂದು ಕೇಳಿದ ಮರ್ವ್. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಹೊಳೆಯಿತು.

"ಏನಿಲ್ಲ," ಎಂದಳು ವಿನ್, ಜಾಕೀಟನ್ನು ಅವನ ಹೆಗಲ ಅಳತೆಗೆ ಹಿಡಿದು ನೋಡುತ್ತ. "ಜಿಲ್ಲೆಯ ಮೈದಾನಗಳಿಗೆ ಹೋಗಿ ಬರೋದು. ದೂರದವಕ್ಕೆ ಮಾತ್ರ ಶುಕ್ರವಾರವೇ ಹೊರಡ್ಬೇಕು."

ಮರ್ವ್ ಬೆವ್‌ಳನ್ನು ನೋಡಿದ, ಬೆವ್ ಕಿಟಕಿಯನ್ನು ನೋಡಿದಳು. ಕಿಟಕಿಯಾಚೆ ಹುಡುಗಿಯರು ಕಬ್ಬಿಣದ ಡಬ್ಬದ ಬಾಗಿಲಲ್ಲಿ ತಮ್ಮ ಸರದಿಗೆ ಸಾಲುಗಟ್ಟಿ ನಿಂತು ಚಳಿಗೆ ಕುಪ್ಪಳಿಸುತ್ತಿದ್ದರು. ಅವನು ನಿಧಾನವಾಗಿ ಒಂದು ತೋಳನ್ನು ಜಾಕೀಟಿನೊಳಗೆ ತೂರಿಸಿದ.

"ಭಾನುವಾರ ಆದ್ರೂ ನನ್ನದೇ ತಾನೇ?" ಎಂದ.

ವಿನ್ ಇನ್ನೊಂದು ತೋಳನ್ನು ಹಿಡಿದುಕೊಟ್ಟಳು.

"ಭಾನುವಾರ ನೆಟ್‌ಬಾಲ್ ಮೈದಾನಗಳು," ಎಂದಳು.